ತೋಪಿನ ಹುಣಸೆಮರ, ನಮ್ಮೂರ ಹುಡುಗರ ಟೀಮು

ಶಿವರಾತ್ರಿ ಕಳೀತು ಅಂದ್ರೆ ನಮ್ಮ ಕಡೆ ಹುಣಸೆಹಣ್ಣಿನ ಕೆಲಸ ಶುರು. ನಿಮಗೇನು ಹೊಸದಾಗಿ ಹೇಳಬೇಕಿಲ್ಲ. ಸಿಪ್ಪೆ ಬಿಡಿಸಿ, ನಾರು ತೆಗೆದು, ಕುಟ್ಟಿ ಬೀಜ ಬೇರೆ ಮಾಡಿ, ಉಪ್ಪು ಬೆರೆಸಿ ಮಡಕೆಗೆ ತುಂಬೋ ಹೊತ್ತಿಗೆ ಉಗುರು ಸಂದಿಯೆಲ್ಲಾ ಉರೀತಿರುತ್ತೆ. ಹೋದ ವರ್ಷ ಹಂಗೇ ಜಗಲಿ ಮೇಲೆ ಮೊರ ಮುಂದಿಟ್ಕೊಂಡು ಕೂತಿದ್ದೆ. ಎದುರುಮನೆ ಅಕ್ಕ ಬಂದು ಪಕ್ಕದಲ್ಲಿ ಕೂತು, "ಬಿಡಿಸ್ಕೊ ಕಣವ್ವ ಬಿಡಿಸ್ಕೊ. ಬರೋ ವರ್ಸ ಅಂಗಡಿಯಿಂದ್ಲೇ ತರ್ಬೇಕು. ತೋಪಿನ ಮರ ಕೆಡವ್ತಾರಂತೆ" ಅಂದ್ರು.

"ಯಾರಕ್ಕ?"

"ಇನ್ಯಾರು, ನಮ್ ಐಕಳೇ. ಬೌಂಡ್ರಿ ಸಾಲಲ್ವಂತೆ."

ನಮ್ಮ ಐಕಳು ಅಂದ್ರೆ ಅದರಲ್ಲಿ ನನ್ನ ಚಿಕ್ಕಮಗನೂ ಸೇರಿದ. ಊರ ಕ್ರಿಕೆಟ್ ಟೀಮಿನ ದುಡ್ಡಿನ ಲೆಕ್ಕ ಬರೆಯೋನು ಅವನೇ. ಯುಗಾದಿ ಕಳೆದ ಮೇಲೆ ಮದ್ದೂರು, ಮಳವಳ್ಳಿ ಎರಡೂ ಕಡೆ ಟೀಮುಗಳನ್ನ ಕರೆದು ದೊಡ್ಡ ಟೂರ್ನಮೆಂಟು ಮಾಡಬೇಕು, ಅದಕ್ಕೆ ಮೈದಾನ ಅಗಲ ಆಗಬೇಕು, ಪಡುವಲ ಕಡೆ ಇರೋ ಹುಣಸೆಮರ ಅಡ್ಡ, ಇದು ಅವರ ವಾದ. ಆ ರಾತ್ರಿ ಮುದ್ದೆ ಬಡಿಸ್ತಾ ಕೇಳಿದೆ. "ಅಮ್ಮ, ಅದೊಂದು ಮರ ತಾನೇ? ಬೇಕಾದ್ರೆ ಹತ್ತು ಗಿಡ ನೆಟ್ಟುಕೊಡ್ತೀವಿ ಬಿಡು" ಅಂದ. ನಾನು ಮಾತಾಡಲಿಲ್ಲ. ಆದ್ರೆ ಆವತ್ತಿಂದ ಈ ತೋಪು ಎಲ್ಲಿಂದ ಬಂತು, ಆಟದ ಮೈದಾನ ಅನ್ನೋದು ಎಲ್ಲಿಂದ ಬಂತು ಅಂತ ತಲೇಲಿ ಕೊರೆಯೋಕೆ ಶುರುವಾಯ್ತು. ಕೇಳಿದ್ದು, ಓದಿದ್ದು, ಕಣ್ಣಲ್ಲಿ ಕಂಡಿದ್ದು ಎಲ್ಲಾ ಸೇರಿಸಿ ಬರೀತಿದ್ದೀನಿ.

ಮೊದಲು ತೋಪಿನ ವಿಷಯ. ಹಳೇ ಮೈಸೂರು ಸೀಮೆಯ ಊರುಗಳಲ್ಲಿ ಊರಾಚೆ ಒಂದು ಗುಂಡುತೋಪು ಇರೋದು. ಈಗಲೂ ಊರಿನ ನಕ್ಷೆ ತೆಗೆಸಿ ನೋಡಿ, ಗೋಮಾಳ, ಕೆರೆ ಅಂಗಳ, ಸ್ಮಶಾನ ಅಂತ ಬರೆದಿರೋ ಜತೇಲೇ ಗುಂಡುತೋಪು ಅಂತಲೂ ಬರೆದಿರುತ್ತೆ. ಅದು ಯಾರೊಬ್ಬರದ್ದೂ ಅಲ್ಲ, ಊರಿನದ್ದು. ಮಾವು, ಹುಣಸೆ, ನೇರಳೆ, ಹೊಂಗೆ, ಬೇವು, ಹಿಪ್ಪೆ, ಎಲ್ಲಾ ಯಾವುದಾದರೂ ಉಪಯೋಗಕ್ಕೆ ಬರೋ ಮರಗಳೇ. ಹೊಂಗೆ ಬೀಜದ ಎಣ್ಣೆ ದೀಪಕ್ಕೆ, ಹೊಂಗೆಸೊಪ್ಪು ಗದ್ದೆಗೆ ಗೊಬ್ಬರ. ಸಂತೆಗೆ ಹೋಗೋ ಗಾಡಿಯವರು ಎತ್ತು ಬಿಚ್ಚಿ ಮಲಗೋರು. ದನ ಕಾಯೋ ಹುಡುಗರು ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚೋರು. ಮಾರಿಹಬ್ಬದ ಅಡಿಗೆ ಒಲೆಯೂ ಅಲ್ಲೇ. ಹುಡುಗರು ಆಡ್ತಿದ್ದದ್ದೂ ಅಲ್ಲೇ.

ಆಗಿನ ಆಟಗಳನ್ನ ನೆನೆಸ್ಕೊಂಡ್ರೆ ಒಂದು ವಿಚಾರ ಹೊಳೀತದೆ. ಮರಕೋತಿ ಆಟಕ್ಕೆ ಮರವೇ ಮೈದಾನ. ಮರ ಇಲ್ಲದಿದ್ರೆ ಆಟವೇ ಇಲ್ಲ. ಚಿನ್ನಿದಾಂಡಿನ ದಾಂಡು ಬೇಲಿಯಿಂದ ಮುರಿದ ಕಡ್ಡಿ. ಲಗೋರಿಗೆ ಒಡೆದ ಹೆಂಚು. ಇನ್ನು ನಾವು ಹೆಣ್ಣುಮಕ್ಕಳು, ನಮಗೆ ತೋಪಿನತನಕ ಹೋಗೋಕೆ ಬಿಡ್ತಿರಲಿಲ್ಲ, ಆದ್ರೂ ತೋಪೇ ನಮ್ಮ ಜಗಲಿಗೆ ಬರೋದು. ಅಳಗುಳಿಮಣೆಗೆ ಹುಣಸೆಬೀಜ. ಚೌಕಾಬಾರಕ್ಕೆ ಅದೇ ಬೀಜನ ಕಲ್ಲಿಗೆ ಉಜ್ಜಿ ಎರಡು ಹೋಳು ಮಾಡಿದ್ರೆ ದಾಳ ತಯಾರು. ಬೇಸಿಗೇಲಿ ಕೆರೆ ಒಣಗಿದಾಗ ಗಂಡುಹುಡುಗರು ಕೆರೆ ಅಂಗಳಕ್ಕಿಳಿದು ಕಬಡ್ಡಿ ಆಡೋರು, ಮಳೆ ಬಂದು ನೀರು ನಿಂತರೆ ತಾವೇ ಎದ್ದು ಬರೋರು. ಕೆರೆ ಜಾಗ ಕೆರೆಗೆ, ಆಟ ಆಟಕ್ಕೆ. ಯಾರೂ ಯಾರನ್ನೂ ಓಡಿಸ್ತಿರಲಿಲ್ಲ.

ಕ್ಲಬ್ಬು ಅಂತ ಏನಾದ್ರೂ ಇದ್ರೆ ಅದು ಗರಡಿಮನೆ. ನನ್ನ ತವರಲ್ಲಿ ನಮ್ಮ ತಾತ ಗರಡಿಗೆ ಹೋಗೋರು. ಹೆಂಗಸರಿಗೆ ಒಳಗೆ ಪ್ರವೇಶ ಇಲ್ಲ, ಆ ಸಿಟ್ಟು ನನಗೆ ಇವತ್ತಿಗೂ ಇದೆ. ಆದ್ರೆ ಒಳಗಿನ ಮಟ್ಟಿಗೆ ಹಾಕೋ ಅರಿಸಿನ, ತುಪ್ಪ, ಮಜ್ಜಿಗೆ ಎಲ್ಲಾ ನಮ್ಮ ಅಜ್ಜಿ ಅಡಿಗೆಮನೆಯಿಂದಲೇ ಹೋಗ್ತಿತ್ತು. ಕೆಮ್ಮಣ್ಣು ಜರಡಿ ಹಿಡಿದು, ಅದಕ್ಕೆ ಇವನ್ನೆಲ್ಲಾ ಬೆರೆಸಿ ದಿನಾ ಗುದ್ದಲಿಯಲ್ಲಿ ತಿರುವಿ ಹದ ಮಾಡೋರು. ಮಣ್ಣು ಗಟ್ಟಿಯಾದ್ರೆ ಬಿದ್ದೋನ ಮೂಳೆ ಮುರೀತದೆ, ಕೊಳೆಯಾದ್ರೆ ಮೈಗೆ ಕಜ್ಜಿ ಬರ್ತದೆ, ಅದಕ್ಕೇ ಅಷ್ಟು ಜೋಪಾನ. ಗರಡಿಗೆ ಸೇರಿದ ಹುಡುಗನಿಗೆ ಮೊದಲ ಕೆಲಸ ಪಟ್ಟು ಕಲಿಯೋದಲ್ಲ, ಮಣ್ಣು ತಿರುವೋದು. ಈಗ ಕುಸ್ತಿ, ಕಬಡ್ಡಿ ಎರಡೂ ಮ್ಯಾಟಿನ ಮೇಲೆ ಹೋಗಿವೆ. 2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲಂತೂ ಹುಡುಗರಿಗೆ ಮಣ್ಣಂಕಣ ಅಂದ್ರೆ ಹಳೇ ಕಾಲದ್ದು ಅನ್ನಿಸಿಬಿಟ್ಟಿದೆ.

ಇಲ್ಲೇ ಎತ್ತಿನಗಾಡಿ ಓಟದ ಮಾತೂ ಹೇಳಿಬಿಡ್ತೀನಿ. ಆ ಚಾಟಿ ಏಟು ನನಗೆ ನೋಡೋಕಾಗಲ್ಲ. ಆದ್ರೆ ಟ್ರ್ಯಾಕ್ಟರು ಬಂದ ಮೇಲೆ ಉಳೋಕೆ ಎತ್ತು ಬೇಕಿಲ್ಲ, ಆದ್ರೂ ನಮ್ಮ ಕಡೆ ಹಳ್ಳಿಕಾರ್ ಜೋಡಿಗೆ ಲಕ್ಷಗಟ್ಟಲೆ ಬೆಲೆ ಇದೆ ಅಂದ್ರೆ ಆ ಓಟದ ಹುಚ್ಚೂ ಒಂದು ಕಾರಣ. 2017ರಲ್ಲಿ ನಮ್ಮ ರಾಜ್ಯ ಕಂಬಳ, ಗಾಡಿ ಓಟಕ್ಕೆ ಕಾನೂನು ಮಾಡಿತು, 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದು ಸರಿ ಅಂತು. ಒಂದು ತಳಿ ಉಳಿಯೋಕೆ ಆಟ ಬೇಕಾಯ್ತಲ್ಲ ಅಂತ ಬೇಜಾರೂ ಆಗ್ತದೆ, ಸಮಾಧಾನವೂ ಆಗ್ತದೆ.

ಆಮೇಲೆ ಕಾಲ ಬದಲಾಯ್ತು. ಕನ್ನಂಬಾಡಿ ಕಟ್ಟೆ ಆಯ್ತು, ನಾಲೆ ಬಂತು, 1930ರ ದಶಕದಲ್ಲಿ ಮಂಡ್ಯದಲ್ಲಿ ಸಕ್ಕರೆ ಫ್ಯಾಕ್ಟರಿ ಶುರುವಾಯ್ತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯ್ತು. ನೀರು ಬಂದ ಕಡೆಯೆಲ್ಲಾ ಕಬ್ಬು, ಭತ್ತ. ಅದರಿಂದಲೇ ನಾವು ಉಂಡು ಓದಿದ್ದು, ಅದನ್ನ ಬೈಯೋಕೆ ನಾನು ತಯಾರಿಲ್ಲ. ಆದ್ರೆ ಭೂಮಿಗೆ ಬೆಲೆ ಬಂದಂಗೆ ತೋಪಿನ ಅಂಚು ಒಂದೊಂದೇ ಸಾಲು ಒಳಗೆ ಸರೀತಾ ಬಂತು. ನಮ್ಮೂರ ತೋಪಲ್ಲಿ ನಾನು ಸೊಸೆಯಾಗಿ ಬಂದಾಗ ಇಪ್ಪತ್ತಕ್ಕೂ ಹೆಚ್ಚು ಮರ ಇದ್ದವು. ಈಗ ಇರೋದು ಏಳು. ಅದರಲ್ಲಿ ಹಣ್ಣು ಬಿಡೋ ಹುಣಸೆ ಇದೊಂದೇ.

1983ರಲ್ಲಿ ಕಪಿಲ್‌ದೇವ್ ಕಪ್ಪು ಗೆದ್ದಿದ್ದು ನಿಮಗೆಲ್ಲಾ ನೆನಪಿರಬೇಕು. ಅಲ್ಲಿಂದ ಮುಂದೆ ಹಳ್ಳಿಹಳ್ಳಿಗೂ ಕ್ರಿಕೆಟ್ ಬಂತು. ಕ್ರಿಕೆಟ್ಟಿಗೆ ವರ್ಷವಿಡೀ ಒಂದೇ ಜಾಗ ಬೇಕು, ಮಟ್ಟ ಇರಬೇಕು, ನಡುವೆ ಏನೂ ಅಡ್ಡ ಇರಬಾರದು. ಮಳೆ ಬಂದ್ರೆ ಎದ್ದುಹೋಗೋ ಆಟ ಅಲ್ಲ, ಮಳೆನೀರನ್ನೇ ಆಚೆ ಕಳಿಸೋ ಆಟ.

ಇದು ಬರೀ ಹಳ್ಳಿ ಕಥೆ ಅನ್ಕೋಬೇಡಿ. ನಮ್ಮ ದೊಡ್ಡಮಗ ಬೆಂಗಳೂರಲ್ಲಿ ಮನೆ ಮಾಡಿದ ವರ್ಷ ಕರಗ ನೋಡೋಕೆ ಹೋಗಿದ್ವಿ. ಕರಗದ ಪೂಜೆಗೆ ಸಂಪಂಗಿ ಕೆರೆ ಅಂತಾರೆ, ನೋಡಿದ್ರೆ ಅಲ್ಲಿ ಒಂದು ಸಣ್ಣ ಕಲ್ಯಾಣಿಯಷ್ಟು ನೀರು. "ಕೆರೆ ಎಲ್ಲಪ್ಪಾ?" ಅಂದೆ. "ಅಮ್ಮ, ಪಕ್ಕದಲ್ಲಿ ಕಾಣ್ತಿದೆಯಲ್ಲ ಕಂಠೀರವ ಸ್ಟೇಡಿಯಂ, ಅದೇ ಕೆರೆ" ಅಂದ. ನನಗೆ ಒಂದು ಗಳಿಗೆ ಅರ್ಥವೇ ಆಗಲಿಲ್ಲ. ಆಮೇಲೆ ವಿಚಾರಿಸಿದ್ರೆ ಅದೊಂದೇ ಅಲ್ಲ. ಹಾಕಿ ಸ್ಟೇಡಿಯಂ ಇರೋದು ಅಕ್ಕಿತಿಮ್ಮನಹಳ್ಳಿ ಕೆರೆ ಜಾಗದಲ್ಲಿ, ಫುಟ್‌ಬಾಲ್ ಸ್ಟೇಡಿಯಂ ಇರೋದು ಶೂಲೆ ಕೆರೆ ಜಾಗದಲ್ಲಿ, ಗಾಲ್ಫ್ ಆಡೋರ ಮೈದಾನ ಚಲ್ಲಘಟ್ಟ ಕೆರೆ ಜಾಗದಲ್ಲಿ. ಮೈಸೂರಲ್ಲಿ ದಸರಾ ವಸ್ತುಪ್ರದರ್ಶನಕ್ಕೆ ಹೋಗ್ತೀವಲ್ಲ, ಆ ದೊಡ್ಡಕೆರೆ ಮೈದಾನದ ಹೆಸರಲ್ಲೇ ಕೆರೆ ಇದೆ. ನಾವು ಎಷ್ಟು ಸಲ ಅಲ್ಲಿ ಹಪ್ಪಳ ತಿಂದು ಬಂದಿದ್ದೀವಿ, ಒಂದು ದಿನವಾದ್ರೂ ಹೆಸರಿನ ಅರ್ಥ ಯೋಚಿಸಿದ್ವಾ? ಕೆರೆ ಅಂಗಳದಲ್ಲಿ ಆಟ ಆಡಿದ್ದು ಹೋಗಿ, ಆಟವೇ ಕೆರೆಯನ್ನ ಹಿಡ್ಕೊಂಡುಬಿಟ್ಟಿತು.

ದೊಡ್ಡ ಕ್ಲಬ್ಬುಗಳಿಗೂ ಈಗ ವಸಿ ಬುದ್ಧಿ ಬಂದಂಗಿದೆ. ಚಿನ್ನಸ್ವಾಮಿ ಸ್ಟೇಡಿಯಂ ಚಾವಣಿ ಮೇಲೆ 2015ರಲ್ಲಿ 400 ಕಿಲೋವ್ಯಾಟಿನ ಸೋಲಾರ್ ಹಾಕಿದ್ರು. ಅಲ್ಲಿಯ ಹುಲ್ಲಿಗೆ ಹಾಕೋದು ಚರಂಡಿ ನೀರನ್ನ ಶುದ್ಧ ಮಾಡಿದ್ದು. 2024ರ ಬೇಸಿಗೇಲಿ ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಆದಾಗ, ಮ್ಯಾಚು ಹೆಂಗೆ ನಡೆಸ್ತೀರಿ ಅಂತ ಎಲ್ಲರೂ ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರ ಅದೇ. ನಮ್ಮ ಆರ್‌ಸಿಬಿಯವರು 2011ರಿಂದ ವರ್ಷಕ್ಕೊಂದು ಮ್ಯಾಚು ಹಸಿರು ಬಟ್ಟೆ ಹಾಕ್ಕೊಂಡು ಆಡ್ತಾರೆ, ಟಾಸ್ ಹೊತ್ತಲ್ಲಿ ಎದುರು ಟೀಮಿನ ಕ್ಯಾಪ್ಟನ್ನಿಗೆ ಒಂದು ಗಿಡ ಕೊಡ್ತಾರೆ. ಆ ಗಿಡಗಳೆಲ್ಲಾ ಎಲ್ಲಿ ನೆಟ್ಟರೋ, ಎಷ್ಟು ಬದುಕಿದವೋ ಅನ್ನೋದೇ ನನಗೆ ಚಿಂತೆ. ಗಿಡ ಕೊಡೋದು ಸುಲಭ. ನೀರು ಹಾಕೋರು ಯಾರು?

ನನಗೆ ಹೆಚ್ಚು ಹಿಡಿಸಿದ್ದು ನಮ್ಮ ಮದ್ದೂರು ತಾಲ್ಲೂಕಿನದ್ದೇ ಒಂದು ಕಥೆ. ಕೊಕ್ಕರೆ ಬೆಳ್ಳೂರು. ನಮ್ಮ ಚಿಕ್ಕತ್ತೆಯನ್ನ ಕೊಟ್ಟಿರೋದು ಆ ಕಡೆಗೇ, ಚಿಕ್ಕವಳಿದ್ದಾಗಿಂದ ಹೋಗಿ ಬಂದಿದ್ದೀನಿ. ಶಿಂಷಾ ಹೊಳೆ ಹತ್ತಿರದ ಊರು. ಅಲ್ಲಿ ಹುಣಸೆಮರ, ಅರಳಿಮರದ ಮೇಲೆಲ್ಲಾ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಗೂಡು ಕಟ್ತವೆ. ಊರಾಚೆ ಕಾಡಲ್ಲಲ್ಲ ಕಣ್ರವ್ವ, ಊರೊಳಗೆ, ಮನೆ ಹಿತ್ತಲಲ್ಲಿ. ಚಳಿಗಾಲದಲ್ಲಿ ಬಂದು, ಮೊಟ್ಟೆ ಇಟ್ಟು, ಮರಿ ಮಾಡಿ, ಮಳೆಗಾಲ ಶುರುವಾಗೋ ಹೊತ್ತಿಗೆ ಹೊರಡ್ತವೆ. ಆ ಊರಿನವರು ಅವನ್ನ ಹೆರಿಗೆಗೆ ತವರಿಗೆ ಬಂದ ಹೆಣ್ಣುಮಕ್ಕಳು ಅಂತಾರೆ. ಈ ಮಾತು ಪೇಪರಿನಲ್ಲೆಲ್ಲಾ ಬಂದಿದೆ, ಆದ್ರೆ ನಾನು ಮೊದಲು ಕೇಳಿದ್ದು ಚಿಕ್ಕತ್ತೆ ಬಾಯಲ್ಲಿ.

ಟಿ. ಸಿ. ಜೆರ್ಡನ್ ಅನ್ನೋ ಇಂಗ್ಲಿಷ್ ಡಾಕ್ಟರು ಊರೊಳಗೇ ಗೂಡು ಕಟ್ಟೋ ಈ ಹಕ್ಕಿಗಳನ್ನ ನೋಡಿ ಬರೆದಿಟ್ಟಿದ್ದು 1853ರಲ್ಲಿ ಅಂತ ಹೇಳ್ತಾರೆ. ಅದಾದ ಮೇಲೆ ಪ್ಲೇಗು ಬಂದು ಊರಿನವರು ಹಳೇ ಊರು ಬಿಟ್ಟು ಈಗಿನ ಜಾಗಕ್ಕೆ ಬಂದಾಗ ಹಕ್ಕಿಗಳೂ ಹಿಂದೇನೇ ಬಂದವು ಅಂತ ಹಿರೀಕರು ಹೇಳೋ ಕಥೆ. 1976ರಲ್ಲಿ ಎಸ್. ಜಿ. ನೇಗಿನಹಾಳ್ ಅನ್ನೋ ಅರಣ್ಯಾಧಿಕಾರಿ ಬಂದು ನೋಡಿದ ಮೇಲೆ ಹೊರಗಿನವರಿಗೆ ಗೊತ್ತಾಯ್ತು. ಹಕ್ಕಿ ಹಿಕ್ಕೆ ಬಿದ್ದು ಹುಣಸೆ ಹೂವು ಕಾಯಿ ಹಾಳಾಗ್ತದೆ, ಫಸಲು ಹೋಗ್ತದೆ. ಅದಕ್ಕೆ ಸರ್ಕಾರದಿಂದ ಮರದ ಒಡೆಯರಿಗೆ ಪರಿಹಾರ ಕೊಡೋ ವ್ಯವಸ್ಥೆ ಆಯ್ತು. ಹಿಕ್ಕೆ ಬಿದ್ದ ಮಣ್ಣು ಹೊಲಕ್ಕೆ ಒಳ್ಳೇ ಗೊಬ್ಬರ ಅನ್ನೋದು ಊರಿನವರು ಮೊದಲೇ ಕಂಡುಕೊಂಡಿದ್ದ ಲಾಭ. ಆದ್ರೂ ಒಂದೊಂದು ಕಷ್ಟಕ್ಕೆ ಒಂದೊಂದು ಮರ ಮಾರಾಟಕ್ಕೆ ಹೋಗ್ತಿತ್ತು. ಮಗಳ ಮದುವೆ ಇಟ್ಕೊಂಡೋನಿಗೆ ಹಕ್ಕಿ ಗೂಡು ನೋಡು ಅಂದ್ರೆ ಹೆಂಗೆ?

1990ರ ದಶಕದಲ್ಲಿ ಆ ಊರಿನ ಹುಡುಗರು ಮೈಸೂರಿನ ಪಕ್ಷಿಪ್ರೇಮಿಗಳ ಜತೆ ಸೇರಿ ಹೆಜ್ಜಾರ್ಲೆ ಬಳಗ ಅಂತ ಕಟ್ಟಿಕೊಂಡರು. ನಮ್ಮೂರ ಕ್ರಿಕೆಟ್ ಟೀಮಿನ ವಯಸ್ಸಿನ ಹುಡುಗರೇ. ಹೆಜ್ಜಾರ್ಲೆ ಮರಿ ಗೂಡಿಂದ ಕೆಳಗೆ ಬಿದ್ರೆ ತಾಯಿ ಇಳಿದು ಬಂದು ಗುಟುಕು ಕೊಡಲ್ಲ. ನಾಯಿ ಪಾಲಾಗ್ತದೆ, ಇಲ್ಲಾ ಹಸಿದು ಸಾಯ್ತದೆ. ಈ ಹುಡುಗರು ಬಿದ್ದ ಮರಿಗಳನ್ನ ಎತ್ತಿಕೊಂಡು ಬಂದು, ತಂತಿ ಬೇಲಿ ಹಾಕಿ, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಬಿಡ್ತಿದ್ರು. ಮರಿಗೆ ಹೊಟ್ಟೆ ಎಷ್ಟು ದೊಡ್ಡದು ಅಂತ ಚಿಕ್ಕತ್ತೆಯನ್ನ ಕೇಳಬೇಕು, "ನಮ್ ಮನೆ ಐಕಳಿಗೇ ಅಷ್ಟು ಮೀನು ಬೇಯಿಸಿಲ್ಲ ಕಣೆ" ಅಂತಾರೆ. 2007ರಲ್ಲಿ ಆ ಊರು ಸಮುದಾಯ ಮೀಸಲು ಪ್ರದೇಶ ಆಯ್ತು. ಅಂದ್ರೆ ಊರಿನವರನ್ನ ಎಬ್ಬಿಸದೆ, ಅವರ ಕೈಲೇ ಕಾಪಾಡಿಸೋದು.

ಎಲ್ಲಾ ಸರಿಹೋಯ್ತು ಅಂತಲ್ಲ. 2017ರ ಕೊನೆಯಿಂದ 2018ರ ಮೊದಲ ತಿಂಗಳುಗಳವರೆಗೆ ಹೆಜ್ಜಾರ್ಲೆಗಳು ಹತ್ತಾರು ಸತ್ತು ಮರದಿಂದ ಬಿದ್ದವು. ಕೊಯ್ದು ನೋಡಿದಾಗ ಹೊಟ್ಟೆ ತುಂಬಾ ಜಂತುಹುಳ. ಕೆರೆ ಮೀನಿಂದ ಬಂದಿದ್ದು. ಆ ವರ್ಷ ಚಿಕ್ಕತ್ತೆ ಫೋನಲ್ಲಿ ಅತ್ತಿದ್ರು. ಮರ ಉಳಿಸಿದ್ರೆ ಸಾಲದು, ಕೆರೆ ನೀರೂ ನೆಟ್ಟಗಿರಬೇಕು ಅನ್ನೋದು ಆವಾಗ ಗೊತ್ತಾಯ್ತು.

ಇಷ್ಟೆಲ್ಲಾ ತಿಳಿದುಕೊಂಡು ನಾನೇನು ಮೈದಾನಕ್ಕೆ ಹೋಗಿ ಭಾಷಣ ಮಾಡಲಿಲ್ಲ. ಚಿಕ್ಕಮಗನಿಗೆ, "ಅಜ್ಜಿಗೆ ಹುಷಾರಿಲ್ಲವಂತೆ, ಈ ಹುಣಸೆಹಣ್ಣು ಕೊಟ್ಟು ಬಾ" ಅಂತ ಬೆಳ್ಳೂರಿಗೆ ಕಳಿಸಿದೆ. ಜತೇಲಿ ಟೀಮಿನ ಕ್ಯಾಪ್ಟನ್ನೂ ಹೋದ, ಬೈಕು ಅವನದ್ದು. ಚಿಕ್ಕತ್ತೆಗೆ ನಾನು ಮೊದಲೇ ಫೋನು ಮಾಡಿದ್ದೆ. ಇಬ್ಬರನ್ನೂ ಹಿತ್ತಲಿಗೆ ಕರ್ಕೊಂಡು ಹೋಗಿ ಮರದ ಕೆಳಗೇ ಕಾಫಿ ಕೊಟ್ಟವರೆ. ಕ್ಯಾಪ್ಟನ್ ಅಂಗಿ ಮೇಲೆ ಹಕ್ಕಿ ಹಿಕ್ಕೆ ಬಿದ್ದು, ಚಿಕ್ಕತ್ತೆ ನಕ್ಕು, "ಒಳ್ಳೇದಾಯ್ತದೆ ಬಿಡಪ್ಪ, ನಮ್ಗೆ ದಿನಾ ಬೀಳ್ತದೆ" ಅಂದ್ರಂತೆ. ವಾಪಸ್ ಬಂದು ಇಬ್ಬರೂ ಏನೂ ಹೇಳಲಿಲ್ಲ. ಆದ್ರೆ ಎರಡು ದಿನ ಬಿಟ್ಟು ಮಗ ಕೇಳಿದ, "ಅಮ್ಮ, ನಮ್ಮ ಹುಣಸೆಮರದಲ್ಲಿ ಯಾವ ಹಕ್ಕಿ ಇದಾವೆ?" ಹಾಲಕ್ಕಿ ಜೋಡಿಯೊಂದು ಪೊಟರೆಯಲ್ಲಿ ಇದೆ, ಗಿಣಿ ಬರ್ತವೆ, ಗೊರವಂಕ ಇದೆ, ಅಳಿಲು ಲೆಕ್ಕವಿಲ್ಲ ಅಂದೆ. ನಮ್ಮೂರಲ್ಲಿ ಹುಟ್ಟಿ ಇಪ್ಪತ್ತಮೂರು ವರ್ಷ ಆಗಿರೋ ಹುಡುಗ ಅದನ್ನ ನನ್ನ ಕೇಳಬೇಕಾಯ್ತು.

ದಾರಿ ತೋರಿಸಿದ್ದು ಮಾತ್ರ ದೊಡ್ಡಮಗ. ಫೋನಲ್ಲಿ ವಿಷಯ ಹೇಳಿದ್ದಕ್ಕೆ, "ಇಂಗ್ಲೆಂಡಲ್ಲಿ ಮೈದಾನದ ಒಳಗೇ ಮರ ಇತ್ತು ಕಣಮ್ಮ" ಅಂದ. ಕ್ಯಾಂಟರ್‌ಬರಿ ಅನ್ನೋ ಊರು, ಕೆಂಟ್ ಟೀಮಿನ ಮೈದಾನ. 1847ರಲ್ಲಿ ಆ ಮೈದಾನ ಮಾಡುವಾಗಲೇ ಅಲ್ಲೊಂದು ಲೈಮ್ ಮರ ಇತ್ತಂತೆ, ನಿಂಬೆಮರ ಅಲ್ಲ, ಆ ದೇಶದ್ದೇ ಬೇರೆ ಜಾತಿ ದೊಡ್ಡ ಮರ. ಅವರು ಅದನ್ನ ಕಡಿಯಲಿಲ್ಲ, ಬೌಂಡ್ರಿ ಒಳಗೇ ಬಿಟ್ಟು, ಚೆಂಡು ಮರಕ್ಕೆ ತಗುಲಿದ್ರೆ ನಾಲ್ಕು ರನ್ನು ಅಂತ ನಿಯಮ ಮಾಡಿಕೊಂಡರು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಹಂಗೇ ಆಡಿದ್ರು. ಮರಕ್ಕೆ ವಯಸ್ಸಾಯ್ತು ಅಂತ 1999ರಲ್ಲೇ ಇನ್ನೊಂದು ಗಿಡ ನೆಟ್ಟಿದ್ರು. 2005ರ ಜನವರಿಯಲ್ಲಿ ಹಳೇದು ಗಾಳಿಗೆ ಮುರಿದುಬಿತ್ತು, ಅದರ ಬದಲಿಗೆ ಹೊಸದು ನಿಂತಿತು. ಕ್ರಿಕೆಟ್ ಹುಟ್ಟಿದ ದೇಶದೋರೇ ಮರ ಇಟ್ಕೊಂಡು ಆಡಿದ್ರು ಅಂದ ಮೇಲೆ ನಮ್ಮ ಹುಡುಗರಿಗೆ ಮರ್ಯಾದೆ ಪ್ರಶ್ನೆ ಉಳಿಯಲಿಲ್ಲ. ನಾನು ನೂರು ಸಲ ಹೇಳಿದ್ರೆ ಕೇಳದೋರು ಇಂಗ್ಲೆಂಡು ಅಂದ ತಕ್ಷಣ ಕಿವಿ ನೆಟ್ಟಗೆ ಮಾಡಿದ್ರು ನೋಡಿ!

ಆದ್ರೂ ಟೀಮಲ್ಲಿ ಒಡಕು ಇತ್ತು. ದುಡ್ಡು ಹಾಕೋ ಒಬ್ಬರು ಮರ ತೆಗೆಯಲೇಬೇಕು ಅಂತ ಹಟ ಹಿಡಿದ್ರು. ಸರ್ಕಾರಿ ಜಾಗದ ಮರ ಕಡಿಯೋಕೆ ಅರಣ್ಯ ಇಲಾಖೆ ಅಪ್ಪಣೆ ಬೇಕು ಅಂದ್ರೆ, "ಅದೆಲ್ಲಾ ನಾನು ನೋಡ್ಕೋತೀನಿ" ಅಂದ್ರು. ಆವಾಗ ನಾವು ಸಂಘದ ಹೆಂಗಸರು ಒಂದು ಮಾತು ಹೇಳಿ ಕಳಿಸಿದ್ವಿ. ಟೂರ್ನಮೆಂಟಿನ ಎರಡು ದಿನದ ಅಡಿಗೆ ನಮ್ಮದು ಅಂತ ಒಪ್ಪಿಕೊಂಡಿದ್ವಲ್ಲ, ಮರ ಇದ್ರೆ ಒಲೆ ಹಚ್ತೀವಿ, ಇಲ್ಲಾಂದ್ರೆ ಮದ್ದೂರಿಂದ ಹೋಟೆಲ್ ಊಟ ತರಿಸ್ಕೊಳ್ಳಿ. ಹನ್ನೆರಡು ಟೀಮಿಗೆ ಹೋಟೆಲ್ ಊಟ ಅಂದ್ರೆ ಎಷ್ಟಾಗ್ತದೆ ಅಂತ ಲೆಕ್ಕ ಬರೆಯೋನು ನನ್ನ ಮಗನೇ. ಆ ರಾತ್ರಿನೇ ತೀರ್ಮಾನ ಆಯ್ತು.

ಪಿಚ್ಚನ್ನ ಹತ್ತು ಹೆಜ್ಜೆ ಮೂಡಲಕ್ಕೆ ಸರಿಸಿದ್ರು. ಮರ ಬೌಂಡ್ರಿ ಒಳಗೆ ಉಳೀತು, ಚೆಂಡು ಮರದ ಯಾವ ಭಾಗಕ್ಕೆ ತಗುಲಿದ್ರೂ ನಾಲ್ಕು. ಕರೆಂಟು ತಂತಿಗೆ ತಾಗ್ತಿದ್ದ ಒಂದು ಕೊಂಬೆ ಮಾತ್ರ ಹೋಯ್ತು, ಅದು ನ್ಯಾಯ. ರಾತ್ರಿ ಲೈಟ್ ಹಾಕಿ ಆಡೋದು ಬೇಡ, ಹಾಲಕ್ಕಿಗೆ ಬೇಟೆ ಹೊತ್ತು ಅಂತ ನಾನಂದೆ, ಅದಕ್ಕೆ ಯಾರೂ ಒಪ್ಪಲಿಲ್ಲ. ಕೊನೆಗೆ ಲೈಟಿನ ಕಂಬ ಮರದ ಕಡೆ ಬೇಡ, ಎದುರುಗಡೆ ಇರಲಿ ಅನ್ನೋವಷ್ಟಕ್ಕೆ ಬಂತು. ಪ್ಲಾಸ್ಟಿಕ್ ಲೋಟ, ಥರ್ಮಾಕೋಲ್ ತಟ್ಟೆ 2016ರಲ್ಲೇ ನಮ್ಮ ರಾಜ್ಯದಲ್ಲಿ ನಿಷೇಧ ಆಗಿದ್ರೂ ಅಂಗಡಿಯಲ್ಲಿ ಸಿಗ್ತಿದ್ದವು. ನಾವು ಬಾಳೆಎಲೆ ಹಾಕಿದ್ವಿ, ನೀರಿಗೆ ಮನೆಮನೆಯ ಸ್ಟೀಲ್ ಲೋಟ ಹೆಸರು ಬರೆದು ಒಟ್ಟುಗೂಡಿಸಿದ್ವಿ. ನನ್ನ ಎರಡು ಲೋಟ ಇನ್ನೂ ಬಂದಿಲ್ಲ, ಯಾರ ಮನೇಲಿದ್ರೂ ತಂದುಕೊಡಿ. ಎಲೆಯೆಲ್ಲಾ ಹಸುಗಳಿಗೆ ಹೋಯ್ತು. ಮಾರನೇ ದಿನ ತೋಪು ಗುಡಿಸೋಕೆ ಹೋದ್ರೆ ಗುಡಿಸೋಕೆ ಹೆಚ್ಚೇನೂ ಇರಲಿಲ್ಲ, ಪಟಾಕಿ ಕಾಗದ ಒಂದಷ್ಟು.

ಫೈನಲ್ಲಿಗೆ ನಮ್ಮೂರ ಟೀಮೇ ಬಂದಿತ್ತು. ಕೊನೇ ಚೆಂಡಿಗೆ ಆರು ಹೊಡೆದ್ರೆ ಗೆಲುವು. ನಮ್ಮ ಕ್ಯಾಪ್ಟನ್ ಎತ್ತಿ ಬಾರಿಸಿದ, ಎಲ್ಲಾ ಎದ್ದು ನಿಂತು ಕೂಗಿದ್ರು, ಚೆಂಡು ಹೋಗಿ ಹುಣಸೆಮರದ ತುದಿ ಕೊಂಬೆಗೆ ತಗುಲಿ ಎಲೆ ಉದುರಿಸಿಕೊಂಡು ಕೆಳಗೆ ಬಿತ್ತು. ಅಂಪೈರು ಕೈ ಆಡಿಸಿ ನಾಲ್ಕು ಅಂದ. ಒಂದು ರನ್ನಿಗೆ ಸೋತ್ವಿ. ಮಗ ಎರಡು ದಿನ ನನ್ನತ್ರ ಮಾತಾಡಲಿಲ್ಲ. ಮೂರನೇ ದಿನ ಉಪ್ಸಾರು ಮಾಡಿ ಖಾರಕ್ಕೆ ಹುಣಸೆಹಣ್ಣು ನೆನೆಹಾಕ್ತಿದ್ದಾಗ ಅಡಿಗೆಮನೆಗೆ ಬಂದು, "ಅದೇ ಮರದ್ದಾ?" ಅಂದ. ಹೂಂ ಅಂದೆ. ಎರಡು ಮುದ್ದೆ ಉಂಡ.